ಮೊದಲ ಆಲ್ಬಂ, ಮೊದಲ ಶೋ: ವೇದಿಕೆಗೆ ವೇಷ ಬೇಕೇ?

ಡಾರ್ಕ್ ಪಾಪ್ ರಾಕ್ (ಕತ್ತಲೆ, ವಿಷಾದದ ಛಾಯೆಯ ಪಾಪ್-ರಾಕ್) ನುಡಿಸುವ ಹೊಸ ತಂಡವೊಂದು ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಮೊದಲ ಆಲ್ಬಮ್ಮನ್ನು ಜನರ ಮುಂದಿಡುವಾಗ ಬಣ್ಣ, ಹೊಗೆ, ಬೆಳಕಿನ ನಾಟಕ ಬೇಕೇ? ಹಾಡಷ್ಟೇ ಸಾಕೇ?

ಪರ: ಕೇಳದ ಹಾಡು ಕಣ್ಣಿಗಾದರೂ ಸಿಗಲಿ

ಮೊದಲ ಆಲ್ಬಂ ಅಂದಮೇಲೆ ಎದುರು ಕೂತವರಲ್ಲಿ ಹೆಚ್ಚಿನವರಿಗೆ ಒಂದು ಹಾಡೂ ಗೊತ್ತಿರುವುದಿಲ್ಲ. ನನ್ನ ವಾದವೆಲ್ಲ ಇದೊಂದರ ಮೇಲೆ ನಿಂತಿದೆ. ಗೊತ್ತಿರುವ ಹಾಡಾದರೆ ಜನ ತಾವೇ ದನಿಗೂಡಿಸುತ್ತಾರೆ. ಗೊತ್ತಿಲ್ಲದ ಹತ್ತು ಹಾಡು, ಎಲ್ಲವೂ ವಿಷಾದ ತುಂಬಿದ ಮೈನರ್ ಸ್ಕೇಲು, ಎಲ್ಲವೂ ಹೆಚ್ಚುಕಡಿಮೆ ಒಂದೇ ನಡೆ, ಎಲ್ಲದರ ಕೆಳಗೂ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಗುಂಯ್‌ಗುಡುತ್ತಿದೆ ಎಂದರೆ ಮೂರನೆಯ ಹಾಡಿಗೇ ಫೋನ್ ಹೊರಗೆ ಬರುತ್ತದೆ. ಕಿವಿಗೆ ಹಿಡಿತ ಸಿಗದಾಗ ಕಣ್ಣಿಗೆ ಒಂದನ್ನು ಕೊಡಬೇಕು.

ಮುಖಕ್ಕೆ ಬಣ್ಣ ಬಳಿದು ನುಡಿಸುತ್ತಿದ್ದ ಅಮೆರಿಕದ ಕಿಸ್ ತಂಡದ ಮೊದಲ ಆಲ್ಬಂ 1974ರ ಫೆಬ್ರವರಿಯಲ್ಲಿ ಬಂತು, ಹೇಳಿಕೊಳ್ಳುವಂಥ ಮಾರಾಟ ಆಗಲಿಲ್ಲ. ಆ ತಂಡವನ್ನು ಉಳಿಸಿದ್ದು 1975ರ ಲೈವ್ ಆಲ್ಬಂ; ಜನ ನೋಡಿ ಬಂದಿದ್ದನ್ನು ಮನೆಗೆ ಕೊಂಡೊಯ್ದರು. ಅಮೆರಿಕದ್ದೇ ಇನ್ನೊಂದು ತಂಡ ಪ್ಯಾನಿಕ್ ಅಟ್ ದಿ ಡಿಸ್ಕೋ 2005ರಲ್ಲಿ ಮೊದಲ ಆಲ್ಬಂ ತಂದು ಮರುವರ್ಷವೇ ಸರ್ಕಸ್ ಕಲಾವಿದರನ್ನು ವೇದಿಕೆಗೆ ಹತ್ತಿಸಿತು. ‘ಅವರ ಹತ್ತಿರ ದುಡ್ಡಿತ್ತು’ ಎನ್ನುವವರು ಬೌಹೌಸ್ ಕಡೆ ನೋಡಿ. 1980ರಲ್ಲಿ ಮೊದಲ ಆಲ್ಬಂ ತಂದ ಈ ಇಂಗ್ಲಿಷ್ ತಂಡ ಬಣ್ಣದ ದೀಪಗಳನ್ನೇ ಬಿಟ್ಟು, ಬರೀ ಬಿಳಿ ಬೆಳಕು ಮತ್ತು ದೊಡ್ಡ ನೆರಳುಗಳಲ್ಲಿ ಹೆದರಿಸುತ್ತಿತ್ತು. ಅದಕ್ಕೆ ಖರ್ಚೇನು, ಎರಡು ದೀಪ ಮತ್ತು ಅವನ್ನು ಎಲ್ಲಿಡಬೇಕೆಂಬ ಬುದ್ಧಿ.

ಕೊಡಗಿನವರಿಗೆ ಇದು ಹೊಸದು ಎಂದು ಯಾರಾದರೂ ಹೇಳಿದರೆ ನಗು ಬರುತ್ತದೆ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ ಮುಂದೆ ಬೆಳಗಿನವರೆಗೆ ನಿಲ್ಲುವ ಜನ ಇವರು. ಟ್ರ್ಯಾಕ್ಟರ್ ಮೇಲೆ ಅಸುರನ ತಲೆ ತಿರುಗುತ್ತದೆ, ಹೊಗೆ ಏಳುತ್ತದೆ, ಸ್ಪೀಕರಿನಲ್ಲಿ ಸಂಭಾಷಣೆ ಗುಡುಗುತ್ತದೆ, ತೀರ್ಪುಗಾರರು ಅಂಕ ಹಾಕುತ್ತಾರೆ. ದೇವರಪುರದ ಕುಂಡೆ ಹಬ್ಬದಲ್ಲಿ ವೇಷ ಕಟ್ಟಿ ದೇವರನ್ನೇ ಬೈಯುತ್ತಾರೆ. ಊರೂರಿನ ತೆರೆಯಲ್ಲಿ (ದೈವದ ವೇಷ ಕಟ್ಟಿ ಕುಣಿಯುವ ಆಚರಣೆ) ಬಣ್ಣ, ಬೆಂಕಿ, ಚಂಡೆ ಎಲ್ಲ ಇದೆ. (ಆ ಅಲಂಕಾರವನ್ನು ಮಾತ್ರ ಎರವಲು ತರಬೇಡಿ. ಅದು ದೈವದ್ದು, ಗಿಟಾರಿನವರದ್ದಲ್ಲ.) ಇಂಥ ಊರಲ್ಲಿ ಐದು ಜನ ಜೀನ್ಸ್ ತೊಟ್ಟು ಬೂಟು ನೋಡುತ್ತಾ ನುಡಿಸಿದರೆ ಪ್ರೇಕ್ಷಕ ಮನೆಗೆ ಹೋಗುವುದು ಅವನ ತಪ್ಪಲ್ಲ.

ಇನ್ನು ಹೊಗೆ. ಇಲ್ಲೇ ಕೊಡಗು ಬೇರೆ ಊರುಗಳಿಗಿಂತ ಮೇಲು, ಇಲ್ಲೇ ಹೆಚ್ಚು ತಂಡಗಳು ಎಡವುವುದೂ. ಬಯಲುಸೀಮೆಯ ಒಣ ಗಾಳಿಯಲ್ಲಿ ನೀರು-ಗ್ಲೈಕಾಲ್ ದ್ರವದ ಹೊಗೆ ಬೇಗ ಕರಗುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ರಾತ್ರಿಯ ತೇವ, ತಣ್ಣನೆ ಗಾಳಿಯಲ್ಲಿ ಅದೇ ಹೊಗೆ ಇಳಿದು ನಿಂತುಬಿಡುತ್ತದೆ. ಮೈಸೂರಿನ ಲೆಕ್ಕದಲ್ಲಿ ಹೊಗೆಯಂತ್ರದ ಗುಂಡಿ ಒತ್ತಿದರೆ ಎರಡನೆಯ ಹಾಡಿಗೆ ಡ್ರಮ್ಮರ್ ಕಾಣೆ. ಹಾಗಾಗಿ ಮುಚ್ಚಿದ ಹಾಲಿನಲ್ಲಿ ಬಾಗಿಲು ತೆರೆಯುವ ಮೊದಲೇ ತೆಳುವಾಗಿ ಒಮ್ಮೆ ಹರಡಿ, ಆಮೇಲೆ ಎರಡು ಹಾಡಿಗೊಮ್ಮೆ ಮೂರು-ನಾಲ್ಕು ಸೆಕೆಂಡು ಸಾಕು. ಯಂತ್ರ ಬಿಸಿಯೇರಲು ಐದರಿಂದ ಎಂಟು ನಿಮಿಷ ಬೇಕು. ಪದೇ ಪದೇ ಒತ್ತಿದರೆ ಹೀಟರ್ ಮತ್ತೆ ಕಾಯುವವರೆಗೆ ಸುಮ್ಮನಿರುತ್ತದೆ, ನಿಮಗೆ ಬೇಕಾದ ಕ್ಷಣ ಅದೇ ಆಗಿರುತ್ತದೆ. ಬಯಲಿನಲ್ಲಾದರೆ ಗಾಳಿ ಬರುವ ಕಡೆ ಇಡಿ, ಫ್ಯಾನ್ ಹಾಕಿ. ಡ್ರೈ ಐಸ್ ಬೇಡ. ಮೈನಸ್ 78 ಡಿಗ್ರಿಯ ಆ ವಸ್ತುವನ್ನು ಘಟ್ಟ ಹತ್ತಿಸಿ ತರುವಷ್ಟರಲ್ಲಿ ಒಂದಿಷ್ಟು ಆವಿಯಾಗಿರುತ್ತದೆ, ಮೇಲಾಗಿ ಕಿಟಕಿ ಮುಚ್ಚಿದ ಹಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ.

ದೀಪ ಎಂಟು ಸಾಕು. ನಾಲ್ಕು ಎಲ್‌ಇಡಿ ಪಾರ್ (ಡಬ್ಬಿಯಾಕಾರದ ವೇದಿಕೆ ದೀಪ) ಹಿಂದೆ ನೆಲದ ಮೇಲೆ, ಎರಡು ಪಕ್ಕದಲ್ಲಿ, ಎರಡು ಮುಂದೆ ಮೂವತ್ತು ಪರ್ಸೆಂಟ್ ಮಾತ್ರ. ಮುಂದಿನ ಬೆಳಕು ಹೆಚ್ಚಾದಷ್ಟೂ ವೇದಿಕೆ ಮದುವೆ ರಿಸೆಪ್ಶನ್ ಆಗುತ್ತದೆ. ಏಳು ಚಾನೆಲ್‌ನ ದೀಪವಾದರೆ ಡಿಎಂಎಕ್ಸ್ (ದೀಪಗಳಿಗೆ ಆಜ್ಞೆ ಕಳಿಸುವ ವ್ಯವಸ್ಥೆ) ವಿಳಾಸ 1, 8, 15, 22 ಎಂದು ಏರಲಿ. ಮೈಕ್ ಕೇಬಲ್ಲಿನಲ್ಲಿ ಡಿಎಂಎಕ್ಸ್ ಓಡಿಸಿ ದೀಪ ಹುಚ್ಚುಹುಚ್ಚಾಗಿ ಮಿನುಗಿದಾಗ ಹೊಗೆಯಂತ್ರವನ್ನು ಬೈಯುವವರಿದ್ದಾರೆ. ಬೇಕಾದದ್ದು ಸರಿಯಾದ ಕೇಬಲ್ ಮತ್ತು ಕೊನೆಯ ದೀಪಕ್ಕೆ 120 ಓಮ್ ಟರ್ಮಿನೇಟರ್ ಎಂಬ ತುದಿ ಪ್ಲಗ್. ಒಂದು ಹಾಡಿಗೆ ಎರಡು ಬಣ್ಣ, ಮೂರನೆಯದು ಬೇಡ. ಸ್ಟ್ರೋಬ್ (ಮಿಂಚಿನಂತೆ ಮಿನುಗುವ ದೀಪ) ಇಡೀ ಶೋದಲ್ಲಿ ಒಮ್ಮೆ, ಸೆಕೆಂಡಿಗೆ ನಾಲ್ಕು ಮಿಂಚು ಮೀರದಂತೆ. ಅಪಸ್ಮಾರ ಇರುವವರಿಗಾಗಿ ಬಾಗಿಲಲ್ಲೇ ಬೋರ್ಡು ಇರಲಿ.

ಮುಖದ ಬಣ್ಣಕ್ಕೆ ಕಾಡಿಗೆ ಬಳಿದುಕೊಂಡು ಬರುವವರಿಗೆ ಒಂದು ಮಾತು: ಎಣ್ಣೆಯಂಶದ ಕಾಡಿಗೆ ಬೆವರಿಗೆ ಕರಗಿ ಕಣ್ಣೊಳಗೆ ಇಳಿಯುತ್ತದೆ, ಎರಡನೆಯ ಹಾಡಿಗೆ ಗಾಯಕ ಅಳುತ್ತಿರುತ್ತಾನೆ. ಬಿಳಿ ಕ್ರೀಮನ್ನು ಒದ್ದೆ ಸ್ಪಂಜಿನಲ್ಲಿ ತೆಳ್ಳಗೆ ಹಚ್ಚಿ, ಪೌಡರ್ ಒತ್ತಿ, ಕೊಡವಿ, ಐದು ನಿಮಿಷ ಬಿಟ್ಟು ಆಮೇಲೆ ಕಪ್ಪು. ತೆಗೆಯುವಾಗ ಮೊದಲು ತೆಂಗಿನೆಣ್ಣೆ, ನಂತರ ಸೋಪು.

ಲೆಕ್ಕ ಒಂದು ಉಳಿಯಿತು. ಹತ್ತು ಹಾಡಿನ ಆಲ್ಬಂ ಸುಮಾರು ನಲವತ್ತು ನಿಮಿಷ. ಶೋಗೆ ಎಪ್ಪತ್ತೈದು ಬೇಕು. ಉಳಿದ ಮೂವತ್ತೈದಕ್ಕೆ ಹೆಚ್ಚಿನ ತಂಡಗಳು ಬೇರೆಯವರ ಹಿಟ್ ಹಾಡು ತುಂಬುತ್ತವೆ. ಜನ ಮನೆಗೆ ಗುನುಗುತ್ತಾ ಹೋಗುವುದು ಆ ಹಾಡನ್ನೇ. ಅದರಲ್ಲಿ ಹದಿಮೂರು-ಹದಿನಾಲ್ಕು ನಿಮಿಷವನ್ನಾದರೂ ಹಾಡು-ಹಾಡಿನ ನಡುವೆ ಒಂದೂವರೆ ನಿಮಿಷದ ದೃಶ್ಯ ಇಟ್ಟು ತುಂಬಿ: ಹಿಂದಿನ ಬೆಳಕಿನಲ್ಲಿ ಒಬ್ಬ, ಮೊದಲೇ ಮುದ್ರಿಸಿದ ದನಿ, ಕೆಳಗೆ ಮುಂದಿನ ಹಾಡಿನ ಶ್ರುತಿ. ಗಿಟಾರಿಸ್ಟಿಗೆ ಡ್ರಾಪ್ ಡಿ ಎಂಬ ತಗ್ಗಿದ ಶ್ರುತಿಗೆ ದಪ್ಪ ತಂತಿ ಇಳಿಸಲೂ ಸಮಯ ಸಿಗುತ್ತದೆ. ಲ್ಯಾಪ್‌ಟಾಪಿನ ಸ್ಟೀರಿಯೋ ಫೈಲಿನಲ್ಲಿ ಎಡಗಡೆ ಕ್ಲಿಕ್ (ತಾಳ ಹಿಡಿಯುವ ಟಿಕ್-ಟಿಕ್ ಸದ್ದು), ಬಲಗಡೆ ಮೊದಲೇ ಮುದ್ರಿಸಿದ ಟ್ರ್ಯಾಕ್. ಎಡಗಡೆಯದು ಡ್ರಮ್ಮರಿನ ಕಿವಿಗೆ ಮಾತ್ರ. ಅದೇ ಫೈಲು ಒಂದು ಫೋನಿನಲ್ಲೂ ಇರಲಿ, ಏರೋಪ್ಲೇನ್ ಮೋಡಿನಲ್ಲಿ. ಇಷ್ಟನ್ನೂ ‘ಗಿಮಿಕ್’ ಎಂದು ಮೂಗು ಮುರಿಯುವವರು ಕಣ್ಣು ಮುಚ್ಚಿಕೊಂಡೇ ಬರಬಹುದು, ಟಿಕೆಟ್ ದರ ಒಂದೇ.

ವಿರೋಧ: ಮೊದಲು ವೈರಿಂಗ್ ನೋಡಿ

ವಿರೋಧದ ಕಡೆ ಬರೆದುಕೊಡಿ ಎಂದರು. ಹೊಗೆ ಕಂಡರೆ ಸಿಡುಕುವ ಮನುಷ್ಯ ನಾನಲ್ಲ, ಆದರೂ ಖರ್ಚಿನ ಚೀಟಿ ಓದುವವರು ಯಾರಾದರೂ ಬೇಕಲ್ಲ.

ದಶಮಂಟಪದ ಹೆಸರೆತ್ತಿದರೆ ಕೊಡಗಿನಲ್ಲಿ ಎದುರಾಡುವವರಿಲ್ಲ ಎಂಬುದು ಪರ ಬರೆದವರಿಗೂ ಗೊತ್ತು. ಆದರೆ ಮಂಟಪದ ಮೇಲೆ ಯಾರೂ ಹಾಡುವುದಿಲ್ಲ. ದನಿ ಮುದ್ರಿತ, ಬೊಂಬೆಗೆ ಉಸಿರು ಕಟ್ಟುವುದಿಲ್ಲ. ಗಾಯಕನಿಗೆ ಕಟ್ಟುತ್ತದೆ. ಗ್ಲೈಕಾಲ್ ಹೊಗೆ ತೇವ ಹೀರಿ ಗಂಟಲನ್ನು ಒಣಗಿಸುತ್ತದೆ. ಮುಖವಾಡ ಹಾಕಿದರೆ ದನಿಯ ಮೇಲ್‌ಸ್ವರಗಳೆಲ್ಲ ಬಟ್ಟೆಯೊಳಗೇ ಉಳಿದು ವ್ಯಂಜನಗಳು ಸಾಯುತ್ತವೆ, ಸೌಂಡಿನವನು ಟ್ರೆಬಲ್ ಏರಿಸುತ್ತಾನೆ, ಮೈಕ್ ಕೂಗುತ್ತದೆ. ಮೆಟ್ಟಿಲು ಹತ್ತಿ ನಾಟಕೀಯವಾಗಿ ನಿಂತ ತಕ್ಷಣ ಎತ್ತರದ ಸ್ವರ ಹಿಡಿಯಬೇಕೆಂದು ದೃಶ್ಯ ಬರೆದವರು ಸಾಮಾನ್ಯವಾಗಿ ಹಾಡುವವರಲ್ಲ.

ವಿದ್ಯುತ್ತಿನ ಲೆಕ್ಕ ನೋಡಿ. 16 ಆಂಪಿಯರ್ ಸರ್ಕ್ಯೂಟು, 230 ವೋಲ್ಟು: 3,680 ವಾಟ್. ಒಂದೂವರೆ ಸಾವಿರ ವಾಟಿನ ಹೊಗೆಯಂತ್ರ ಎರಡಿಟ್ಟರೆ ಉಳಿದದ್ದು 680. ಅದರಲ್ಲೇ ಗಿಟಾರ್ ಆಂಪು, ಬೇಸ್ ಆಂಪು, ಲ್ಯಾಪ್‌ಟಾಪು ಸಿಕ್ಕಿಸಿದರೆ ಎರಡೂ ಹೀಟರ್ ಒಟ್ಟಿಗೆ ಕಾಯುವ ಹೊತ್ತಿಗೆ ಎಂಸಿಬಿ (ಹೊರೆ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್ಚು) ಬೀಳುತ್ತದೆ, ಹಾಡಿನ ಮಧ್ಯೆಯೇ ಬೀಳುತ್ತದೆ. ಹೊಗೆ-ದೀಪಕ್ಕೆ ಒಂದು ಲೈನು, ಧ್ವನಿಗೆ ಬೇರೆ ಲೈನು ಎಳೆಯಬೇಕು. ದೀಪಕ್ಕೆ ಹಳೆಯ ಡಿಮ್ಮರ್ ಇದ್ದರೆ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ಪಿನಲ್ಲಿ (ತಂತಿಯ ಕಂಪನ ಹಿಡಿಯುವ ಭಾಗ) ಜೇನುಹುಳದ ಸದ್ದು ಬೇರೆ. ಮಳೆಗಾಲದಲ್ಲಿ ಮರದ ಕೊಂಬೆ ಲೈನಿಗೆ ಬಿದ್ದು ಕರೆಂಟ್ ಹೋಗುವುದು ಕೊಡಗಿನಲ್ಲಿ ಹೇಳಿಕೊಳ್ಳುವ ಸುದ್ದಿಯಲ್ಲ. ಜನರೇಟರ್ ಹತ್ತಿಕೊಳ್ಳುವಷ್ಟರಲ್ಲಿ ಡಿಜಿಟಲ್ ಮಿಕ್ಸರ್ ರೀಬೂಟ್ ಆಗುತ್ತಿರುತ್ತದೆ, ಕ್ಲಿಕ್ ನಿಂತಿರುತ್ತದೆ, ಕ್ಲಿಕ್ಕಿಗೆ ಕಟ್ಟುಬಿದ್ದ ತಂಡವೂ ನಿಂತಿರುತ್ತದೆ. ಕ್ಲಿಕ್ ಇಲ್ಲದ ತಂಡವಾದರೆ ಡ್ರಮ್ಮರ್ ಬಾರಿಸುತ್ತಲೇ ಇರುತ್ತಾನೆ, ಜನ ಚಪ್ಪಾಳೆ ಹಾಕುತ್ತಾರೆ.

ಬೆಂಕಿಯ ಮಾತು ಅವರು ಎತ್ತಲೇ ಇಲ್ಲ, ಜಾಣತನ. ಕಿಸ್ ತಂಡದ ಜೀನ್ ಸಿಮನ್ಸ್ ಬಾಯಿಂದ ಬೆಂಕಿ ಉಗುಳಲು ಹೋಗಿ 1973ರ ಡಿಸೆಂಬರ್ 31ರಂದು ತಲೆಗೂದಲಿಗೇ ಹತ್ತಿಸಿಕೊಂಡರು. ಅದನ್ನು ನಕ್ಕು ಬಿಡಬಹುದು. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ಎಂಬ ಕ್ಲಬ್ಬಿನಲ್ಲಿ ಗ್ರೇಟ್ ವೈಟ್ ತಂಡದ ಕಿಡಿ ಚಿಮ್ಮುವ ಪಟಾಕಿಗಳು ಗೋಡೆಯ ಪಾಲಿಯುರೆಥೇನ್ ಫೋಮಿಗೆ ತಗುಲಿ ನೂರು ಜನ ಸತ್ತದ್ದನ್ನು ನಗಲಾಗುವುದಿಲ್ಲ. ಸದ್ದು ತಡೆಯಲೆಂದು ಫೋಮ್ ಅಂಟಿಸಿದ ಯಾವ ಕೋಣೆಯಲ್ಲೂ ಕೋಲ್ಡ್ ಪೈರೋ ಎಂಬ ಹೆಸರಿನ ಕಿಡಿಯೂ ಬೇಡ.

ಜನಕ್ಕೆ ಹಾಡು ಗೊತ್ತಿಲ್ಲವೆಂದರೆ ಗೊತ್ತಾಗುವವರೆಗೆ ನುಡಿಸಿ. ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡ 1979ರ ಜೂನಿನಲ್ಲಿ ಮೊದಲ ಆಲ್ಬಂ ತಂದಾಗ ಮಾಮೂಲಿ ಅಂಗಿ-ಪ್ಯಾಂಟಿನಲ್ಲೇ ನಿಂತು ನುಡಿಸಿತು; ಕತ್ತಲೆ ಹಾಡಿನಲ್ಲಿತ್ತು. ಪ್ಯಾನಿಕ್ ತಂಡದ ಕಥೆ ಹೇಳುವವರು ಇನ್ನೊಂದನ್ನೂ ಹೇಳಲಿ: ಆಲ್ಬಂ ಕಂಪನಿ ಕರಾರು ಮಾಡಿಕೊಂಡಾಗ ಆ ಹುಡುಗರು ಒಂದೂ ಲೈವ್ ಶೋ ಕೊಟ್ಟಿರಲಿಲ್ಲ. ಸರ್ಕಸ್ಸಿನವರು ಏಕೆ ಬೇಕಾಯಿತೋ!

ಈ ಬಗೆಯ ಆಲ್ಬಂ ಕೆಡುವುದು ಬಹುಪಾಲು ಒಂದೇ ಜಾಗದಲ್ಲಿ, 200ರಿಂದ 400 ಹರ್ಟ್ಸ್ ನಡುವಿನ ತಗ್ಗು ಸ್ವರಗಳಲ್ಲಿ. ಶ್ರುತಿ ಇಳಿಸಿದ ಗಿಟಾರು, ಸಿಂಥ್ ಪ್ಯಾಡು (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸ್ವರ), ದಪ್ಪ ದನಿ ಮೂರೂ ಅಲ್ಲೇ ಕಿತ್ತಾಡುತ್ತವೆ, ಸಾಹಿತ್ಯ ಮುಳುಗುತ್ತದೆ. ಗಿಟಾರನ್ನು 100 ಹರ್ಟ್ಸ್ ಕೆಳಗೆ ಕತ್ತರಿಸಿ ಬೇಸ್‌ಗೆ ಜಾಗ ಕೊಟ್ಟು, ಪ್ಯಾಡನ್ನು ಪಲ್ಲವಿಯಲ್ಲಿ ಮಾತ್ರ ತೆರೆದು, ಇನ್ನೆರಡು ದಿನ ಮಿಕ್ಸಿಂಗಿಗೆ ಕೂರಲು ಹಣವಿಲ್ಲದೆ, ಹೊಗೆಯಂತ್ರದ ಬಾಡಿಗೆ ಮಾತ್ರ ಮುಂಗಡ ಕೊಟ್ಟಾಗಿರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಮಿಕ್ಸ್ ಕೆಟ್ಟಿದ್ದರೆ ಸ್ಟ್ರೀಮಿಂಗ್‌ನವರು ಎಲ್ಲ ಹಾಡುಗಳ ಸದ್ದನ್ನೂ ಸಮ ಮಾಡಲು ಮೈನಸ್ 14 ಲಫ್ಸಿಗೆ (ಸದ್ದಿನ ಜೋರಿನ ಅಳತೆ) ಇಳಿಸಿದಾಗ ಅದು ಇನ್ನಷ್ಟು ಮಂಕಾಗಿ ಕೇಳುತ್ತದೆ.

ಸಮಯದ ಕಟ್ಟೂ ಇದೆ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಸಂಜೆ ಏಳಕ್ಕೆ ಶೋ ಅಂದರೆ ನಾಲ್ಕಕ್ಕೆ ಮುಗಿಯಬೇಕಾದ ಸೌಂಡ್‌ಚೆಕ್ಕನ್ನು ದೀಪದವರ ಏಣಿ ನುಂಗುತ್ತದೆ. ಬಿಸಿ ದೀಪದಡಿ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಹೊರಗಿನ ಚಳಿಗಾಳಿಗೆ ಕುಗ್ಗಿ ಏರುತ್ತದೆ. ಗಿಟಾರನ್ನು ಅರ್ಧ ಗಂಟೆ ಮೊದಲೇ ವೇದಿಕೆಯ ಮೇಲಿಟ್ಟು ಆಮೇಲೆ ಶ್ರುತಿ ಮಾಡಿ ಎಂದರೆ, ಅಲ್ಲಿ ಬಣ್ಣದ ಡಬ್ಬಿಗಳಿಗೇ ಜಾಗವಿಲ್ಲ.

ಹೊಗೆ ಬೇಕೇ ಬೇಕೆನ್ನುವವರು ಕೊನೆಯ ಎರಡು ಹಾಡಿಗೆ ಇಟ್ಟುಕೊಳ್ಳಲಿ. ಅಷ್ಟು ಹೊತ್ತಿಗೆ ಗಂಟಲಿನ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ, ಎಂಸಿಬಿ ಬಿದ್ದರೂ ಅದನ್ನೇ ಮುಕ್ತಾಯ ಎಂದುಕೊಳ್ಳುತ್ತಾರೆ.