‘ಭುಗಿಲೆದ್ದಿತು’ ಎಂಬ ಕ್ರಿಯಾಪದದ ಮೇಲೆ ನನ್ನ ತಕರಾರು

ನಿನ್ನೆ ಸಂಜೆ ತಮ್ಮನ ಮಗಳು ಪರೀಕ್ಷೆಗೆಂದು ಸಮಾಜ ವಿಜ್ಞಾನದ ನೋಟ್ಸನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದಳು. “ತಕ್ಷಣದ ಕಾರಣ: ಆಸ್ಟ್ರಿಯಾದ ಯುವರಾಜ ಫರ್ಡಿನೆಂಡ್‌ನ ಹತ್ಯೆಯಾಯಿತು. ಇದರಿಂದ ಮೊದಲನೆಯ ಮಹಾಯುದ್ಧ ಭುಗಿಲೆದ್ದಿತು.” ಇರುವುದು ಎರಡೇ ವಾಕ್ಯ. ಎರಡರಲ್ಲೂ ಆದದ್ದು ಇದೆ, ಮಾಡಿದವರಿಲ್ಲ. ಯುದ್ಧವೇ ಕರ್ತೃವಿನ ಜಾಗದಲ್ಲಿ ಗಂಭೀರವಾಗಿ ಕುಳಿತಿದೆ. ಯುದ್ಧ ಮಾಡಿದ ಮಹಾಶಯರೆಲ್ಲ ವಾಕ್ಯದಿಂದಲೇ ಪರಾರಿಯಾಗಿದ್ದಾರೆ. ಕ್ರಿಯಾಪದ ಕಂಡರೆ ಅದರ ಕರ್ತೃ ಯಾರೆಂದು ಹುಡುಕುವುದು ನನ್ನ ಚಾಳಿ. ರಾತ್ರಿ ನಿದ್ದೆ ಬರಲಿಲ್ಲ.

ಭುಗಿಲೇಳುವುದು ಬೆಂಕಿಯ ಗುಣ. ಬೇಸಿಗೆಯ ಕಾಡಿನಲ್ಲಿ ಒಣಗಿದ ಬಿದಿರು ಒಂದಕ್ಕೊಂದು ಉಜ್ಜಿ ಹೊತ್ತಿಕೊಳ್ಳುತ್ತದೆಯೆಂದು ಹೇಳುವಾಗ ಆ ಕ್ರಿಯಾಪದ ಸರಿಯಾಗಿಯೇ ಇದೆ. ಆದರೆ 1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊ ನಗರದಲ್ಲಿ ಫರ್ಡಿನೆಂಡ್‌ನ ಮೇಲೆ ಗುಂಡು ಹಾರಿದ ದಿನಕ್ಕೂ, ಆಗಸ್ಟ್ 4ರಂದು ಬ್ರಿಟನ್ ಯುದ್ಧ ಘೋಷಿಸಿದ ದಿನಕ್ಕೂ ನಡುವೆ 37 ದಿನಗಳಿವೆ. ಮೂವತ್ತೇಳು ದಿನ ತೆಗೆದುಕೊಂಡು ಭುಗಿಲೇಳುವ ಬೆಂಕಿಯನ್ನು ನಾನಂತೂ ಕಂಡಿಲ್ಲ.

ಆ ದಿನಗಳಲ್ಲಿ ಏನು ನಡೆಯಿತೆಂದು ನೋಡಿ. ಜುಲೈ 5ರಂದು ಆಸ್ಟ್ರಿಯಾದ ದೂತರು ಬರ್ಲಿನ್ನಿಗೆ ಹೋಗಿ, ಹತ್ಯೆಯ ಹೊಣೆಯನ್ನು ನೆರೆಯ ಸರ್ಬಿಯಾದ ಮೇಲೆ ಹೊರಿಸಿ, ಅದರ ಮೇಲೆ ಕ್ರಮ ಕೈಗೊಂಡರೆ ಬೆಂಬಲ ಉಂಟೇ ಎಂದು ಕೇಳಿದರು. ಏನು ಬೇಕಾದರೂ ಮಾಡಿ, ನಾವಿದ್ದೇವೆ ಎಂಬರ್ಥದ ಭರವಸೆ ಕೊಟ್ಟ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್, ಮರುದಿನವೇ ತನ್ನ ವಾರ್ಷಿಕ ನೌಕಾವಿಹಾರಕ್ಕೆಂದು ನಾರ್ವೆಯ ಕಡೆಗೆ ಹೊರಟುಹೋದ. ಆಸ್ಟ್ರಿಯಾ ಕೂಡಲೇ ದಾಳಿ ಮಾಡುವ ಸ್ಥಿತಿಯಲ್ಲಿರಲಿಲ್ಲ. ಅದರ ಎಷ್ಟೋ ಸೈನಿಕರು ಕೊಯ್ಲಿನ ರಜೆಯ ಮೇಲೆ ಊರಿಗೆ ಹೋಗಿದ್ದರು. ರಷ್ಯಾಕ್ಕೆ ಭೇಟಿ ಕೊಟ್ಟಿದ್ದ ಫ್ರಾನ್ಸಿನ ಅಧ್ಯಕ್ಷ ಪೊಯಂಕಾರೆ ಅಲ್ಲಿಂದ ಹಡಗು ಹತ್ತುವವರೆಗೆ ಕಾದು, ಜುಲೈ 23ರ ಸಂಜೆ ಸರ್ಬಿಯಾಕ್ಕೆ 48 ಗಂಟೆಗಳ ಗಡುವಿನ ಪತ್ರ ತಲುಪಿಸಿದರು. ಇಷ್ಟು ಲೆಕ್ಕಾಚಾರ ಮಾಡಿ ಮುಹೂರ್ತ ನೋಡಿದ ಮೇಲೂ ನಮ್ಮ ಭಾಷೆಯಲ್ಲಿ ಅದು ತಾನಾಗಿಯೇ ‘ಭುಗಿಲೆದ್ದಿತು’.

ನನ್ನನ್ನು ಹೆಚ್ಚು ಕಾಡುವುದು ಜುಲೈ 28. ಅಂದು ಬೆಳಿಗ್ಗೆ ಸರ್ಬಿಯಾದ ಉತ್ತರವನ್ನು ಓದಿದ ವಿಲ್‌ಹೆಲ್ಮ್, ಯುದ್ಧಕ್ಕೆ ಇನ್ನು ಕಾರಣವೇ ಉಳಿದಿಲ್ಲವೆಂದು ತನ್ನ ಕೈಯಿಂದಲೇ ಷರಾ ಬರೆದ. ಅದೇ ದಿನ ಇಶ್ಲ್ ಎಂಬ ಊರಿನ ತನ್ನ ಬೇಸಿಗೆಯ ಬಿಡಾರದಲ್ಲಿ ಆಸ್ಟ್ರಿಯಾದ 83 ವರ್ಷದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಯುದ್ಧಘೋಷಣೆಗೆ ಅಂಕಿತ ಹಾಕಿದ. ವಿದೇಶಾಂಗ ಸಚಿವ ಬೆರ್ಖ್‌ಟೋಲ್ಡ್ ಅದನ್ನು ತಂತಿಯ ಮೂಲಕ ಸರ್ಬಿಯಾಕ್ಕೆ ಕಳುಹಿಸಿದ. ಮರುದಿನ ರಾತ್ರಿ ರಷ್ಯಾದ ಝಾರ್ ನಿಕೊಲಾಸ್, ಸೇನೆಯ ಪೂರ್ಣ ಸಜ್ಜಿಗೆ ತಾನೇ ಕೊಟ್ಟಿದ್ದ ಆದೇಶವನ್ನು ವಿಲ್‌ಹೆಲ್ಮನ ತಂತಿ ಓದಿ ಹಿಂತೆಗೆದುಕೊಂಡ. ಅದರ ಮರುದಿನ ತನ್ನ ಸಚಿವರ ಒತ್ತಾಯಕ್ಕೆ ಮಣಿದು ಮತ್ತೆ ಕೊಟ್ಟ. ಹಿಂತೆಗೆದುಕೊಳ್ಳಲು ಸಾಧ್ಯವಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆಗಸ್ಟ್ 1ರಂದು ವಿಲ್‌ಹೆಲ್ಮನಿಗೆ, ಫ್ರಾನ್ಸನ್ನು ಮುಟ್ಟದಿದ್ದರೆ ಬ್ರಿಟನ್ ತಟಸ್ಥವಾಗಿ ಉಳಿದೀತು ಎಂಬ ಆಸೆ ಹುಟ್ಟಿ, ಸೇನೆಯನ್ನೆಲ್ಲ ಪೂರ್ವಕ್ಕೆ, ರಷ್ಯಾದ ಕಡೆಗೆ ತಿರುಗಿಸೋಣವೆಂದ. ವರ್ಷಗಟ್ಟಲೆ ಕೂತು ಮಾಡಿದ ರೈಲುಗಳ ವೇಳಾಪಟ್ಟಿಯನ್ನು ಈಗ ಬದಲಾಯಿಸಲಾಗದು ಎಂದ ಸೇನಾ ಮುಖ್ಯಸ್ಥ ಮೋಲ್ಟ್‌ಕೆ. ಜಗತ್ತಿನ ಹಣೆಬರಹಕ್ಕಿಂತ ರೈಲ್ವೆ ಟೈಮ್‌ಟೇಬಲ್ ಗಟ್ಟಿಯಾಗಿತ್ತು, ಪಾಪ.

ಇಡೀ ಕಥೆಯಲ್ಲಿ ಮಕ್ಕಳಿಗೆ ಹೆಸರು ಗೊತ್ತಿರುವ ಅಪರಾಧಿ ಒಬ್ಬನೇ, ಗವ್ರಿಲೊ ಪ್ರಿನ್ಸಿಪ್. ಹತ್ತೊಂಬತ್ತು ವರ್ಷದ ಹುಡುಗ. ಅವನು ಕೊಲೆಗಾರನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಕೊಂದದ್ದು ಇಬ್ಬರನ್ನು, ಅದಕ್ಕಾಗಿ ಸೆರೆಮನೆಯಲ್ಲಿ ಕ್ಷಯ ಹತ್ತಿ 1918ರಲ್ಲಿ ಸತ್ತ. ಉಳಿದ ಲಕ್ಷಾಂತರ ಸಾವುಗಳಿಗೆ ನಮ್ಮ ನೋಟ್ಸಿನಲ್ಲಿ ಕ್ರಿಯಾಪದವಿದೆ, ಕರ್ತೃವಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಓದಿಕೊಂಡ ಗೆಳೆಯರು ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ: ವ್ಯಕ್ತಿಗಳನ್ನು ದೂರುವುದು ಬಾಲಿಶ, ಸಾಮ್ರಾಜ್ಯಶಾಹಿ, ಶಸ್ತ್ರಾಸ್ತ್ರ ಪೈಪೋಟಿ, ಗುಪ್ತ ಒಪ್ಪಂದಗಳ ಜಾಲ ಎಲ್ಲರನ್ನೂ ಎಳೆದುಕೊಂಡು ಹೋದವು, ಇತ್ಯಾದಿ. ಇರಲಿ, ಜಾಲವಿತ್ತು. ಆದರೆ 1882ರಿಂದ ಜರ್ಮನಿ ಮತ್ತು ಆಸ್ಟ್ರಿಯಾಗಳ ಜೊತೆ ತ್ರಿಮೈತ್ರಿ ಕೂಟದಲ್ಲಿದ್ದ ಇಟಲಿಯನ್ನು ಆ ಜಾಲ ಏಕೆ ಎಳೆಯಲಿಲ್ಲ? 1914ರಲ್ಲಿ ಅದು ತಟಸ್ಥವೆಂದು ಸಾರಿತು. 1915ರ ಮೇ ತಿಂಗಳಲ್ಲಿ ಲಾಭ ನೋಡಿಕೊಂಡು ಎದುರು ಪಕ್ಷ ಸೇರಿತು. ಇದೇ ಒಪ್ಪಂದಗಳು, ಇದೇ ಪೈಪೋಟಿ ಇದ್ದಾಗಲೇ 1912 ಮತ್ತು 1913ರಲ್ಲಿ ಬಾಲ್ಕನ್ ಯುದ್ಧಗಳು ನಡೆದವು, ಯೂರೋಪಿನ ದೊಡ್ಡ ದೇಶಗಳು ಒಂದರ ಮೇಲೊಂದು ಬೀಳಲಿಲ್ಲ. ಜಾಲಕ್ಕೆ ಕೈಗಳಿಲ್ಲ; ಸಹಿ ಹಾಕುವುದಕ್ಕೆ ಕೈ ಬೇಕು.

ನಡುವಿನ ನಾಲ್ಕು ವರ್ಷಗಳ ಕಥೆಯಲ್ಲೂ ಇದೇ ವ್ಯಾಕರಣ. ಆರು ವಾರಗಳಲ್ಲಿ ಫ್ರಾನ್ಸನ್ನು ಮುಗಿಸುವ ಜರ್ಮನಿಯ ಲೆಕ್ಕ 1914ರ ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ದಂಡೆಯಲ್ಲಿ ತಪ್ಪಿದ ಮೇಲೆ, ಸ್ವಿಟ್ಜರ್ಲೆಂಡಿನ ಗಡಿಯಿಂದ ಉತ್ತರ ಸಮುದ್ರದವರೆಗೆ ಕಂದಕಗಳು ‘ಏರ್ಪಟ್ಟವು’. 1916ರ ಜುಲೈ 1ರಂದು ಸೋಮ್ ನದಿಯ ಬಯಲಿನಲ್ಲಿ ಬ್ರಿಟಿಷ್ ಸೇನೆಯ 19,240 ಮಂದಿ ಒಂದೇ ದಿನದಲ್ಲಿ ‘ಪ್ರಾಣ ಕಳೆದುಕೊಂಡರು’. ಕಳೆದುಕೊಳ್ಳಲು ಪ್ರಾಣವೇನು ಛತ್ರಿಯೇ? ಅಷ್ಟಾದ ಮೇಲೂ ನವೆಂಬರ್ ನಡುವಿನವರೆಗೆ ಆ ದಾಳಿಯನ್ನು ಮುಂದುವರಿಸಿದ ದಂಡನಾಯಕನಿಗೆ ಹೇಗ್ ಎಂಬ ಹೆಸರಿತ್ತು. ಭಾರತವೂ ಯುದ್ಧಕ್ಕೆ ‘ಸೇರಿತು’ ಎನ್ನುತ್ತೇವೆ. ಭಾರತೀಯರನ್ನು ಯಾರೂ ಕೇಳಲಿಲ್ಲ. ಬ್ರಿಟನ್ ಘೋಷಿಸಿತೆಂದು ವೈಸರಾಯ್ ಹಾರ್ಡಿಂಜ್ ಇಲ್ಲಿಯೂ ಸಾರಿದ, ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಸಮುದ್ರ ದಾಟಿದರು, ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ತುರ್ಕರ ಬಂದೂಕುಗಳೆದುರು ಕುದುರೆ ಓಡಿಸಿದ ಮೈಸೂರು ಲ್ಯಾನ್ಸರ್ಸ್ ಸವಾರರಲ್ಲಿ ಎಷ್ಟು ಜನ ಸರಾಯೆವೊ ಎಂಬ ಹೆಸರನ್ನು ಕೇಳಿದ್ದರೋ.

ಕೊನೆಗೆ ಯುದ್ಧ ‘ಮುಗಿಯಿತು’. ಅದೂ ತಾನಾಗಿ. 1918ರ ಸೆಪ್ಟೆಂಬರ್ 29ರಂದೇ, ಸೋಲು ಖಚಿತ, ಕದನವಿರಾಮ ಕೇಳಿ ಎಂದು ಜರ್ಮನಿಯ ದಂಡನಾಯಕ ಲುಡೆನ್‌ಡಾರ್ಫ್ ತಿಳಿಸಿದ್ದ. ಆದರೆ ನವೆಂಬರ್ 11ರ ಬೆಳಗಿನ ಜಾವ ಐದು ಗಂಟೆಯ ನಂತರ, ಕೊಂಪಿಯೆನ್ ಕಾಡಿನ ರೈಲು ಬೋಗಿಯಲ್ಲಿ ಜರ್ಮನಿಯ ಪರವಾಗಿ ಸಹಿ ಹಾಕಿದ ನಿಯೋಗದ ಮುಖ್ಯಸ್ಥ ದಂಡನಾಯಕನಲ್ಲ. ಎರ್ಜ್‌ಬೆರ್ಗರ್ ಎಂಬ ರಾಜಕಾರಣಿ. ವಿರಾಮ ಜಾರಿಗೆ ಬರುವುದು ಹನ್ನೊಂದು ಗಂಟೆಗೆಂದು ನಿಗದಿಯಾಗಿತ್ತು. ಕಾಗದದಲ್ಲಿ ಮುಗಿದುಹೋಗಿದ್ದ ಯುದ್ಧದಲ್ಲಿ ಮತ್ತೂ ಆರು ಗಂಟೆಗಳ ಹತ್ತಿರ ಗುಂಡು ಹಾರಿಸಿದರು, ದಾಳಿ ಮಾಡಿಸಿದರು. ಹನ್ನೊಂದಕ್ಕೆ ಒಂದು ನಿಮಿಷವಿರುವಾಗ ಒಬ್ಬ ಅಮೆರಿಕನ್ ಸೈನಿಕ ಸತ್ತ. ಇಲ್ಲಿ ನನಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚು ಆಗುತ್ತದೆ.

1919ರ ಜೂನ್ 28ರಂದು, ಸರಾಯೆವೊದ ಗುಂಡಿಗೆ ಸರಿಯಾಗಿ ಐದು ವರ್ಷ ತುಂಬಿದ ದಿನ, ವರ್ಸೇಲ್ಸ್‌ನಲ್ಲಿ ಒಪ್ಪಂದವಾಯಿತು. ಅದರ 231ನೆಯ ವಿಧಿ ಕರ್ತೃವನ್ನು ಹೆಸರಿಸಿತಲ್ಲ, ಅದರಿಂದಲೇ ಮುಂದಿನ ಅನಾಹುತ ಎಂದು ನೀವು ಹೇಳಬಹುದು. ಅದು ಹೆಸರಿಸಿದ್ದು ಜರ್ಮನಿ ಮತ್ತು ಅದರ ಮಿತ್ರರಾಷ್ಟ್ರಗಳನ್ನು. ದಂಡ ಕಟ್ಟಿದ್ದು ಜನ. ಚಕ್ರವರ್ತಿ ವಿಲ್‌ಹೆಲ್ಮನನ್ನು ವಿಚಾರಣೆಗೆ ಒಳಪಡಿಸಬೇಕೆಂದು 227ನೆಯ ವಿಧಿ ಹೇಳಿತ್ತು. ಅವನಿಗೆ ಆಶ್ರಯ ಕೊಟ್ಟಿದ್ದ ನೆದರ್‌ಲೆಂಡ್ಸ್ ಒಪ್ಪಿಸಲಿಲ್ಲ, ಅವನು ಅಲ್ಲಿಯೇ ಮರ ಕಡಿದುಕೊಂಡು 1941ರವರೆಗೆ ಬದುಕಿದ. ಸಹಿ ಹಾಕಿದ ಎರ್ಜ್‌ಬೆರ್ಗರ್‌ನನ್ನು 1921ರಲ್ಲಿ ಗುಂಡಿಟ್ಟು ಕೊಂದರು. ಸೋತ ಸೇನೆಯ ಮಹಾದಂಡನಾಯಕ ಹಿಂಡೆನ್‌ಬರ್ಗ್ 1925ರಲ್ಲಿ ದೇಶದ ಅಧ್ಯಕ್ಷನಾದ. 1933ರಲ್ಲಿ ಹಿಟ್ಲರನನ್ನು ಚಾನ್ಸಲರ್ ಆಗಿ ನೇಮಿಸಿದ. ಎರಡನೆಯ ಮಹಾಯುದ್ಧ ಯಾವಾಗ ‘ಭುಗಿಲೆದ್ದಿತು’ ಎಂಬುದು ಬೇರೆ ಅಧ್ಯಾಯದಲ್ಲಿದೆ.

ಈಗ ಒಪ್ಪಿಕೊಳ್ಳಲೇಬೇಕಾದ ಒಂದು ಮಾತು. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ, ಸಮಾಜ ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗಲೆಲ್ಲ ಅವರ ತರಗತಿಗೆ ಹೋಗುತ್ತಿದ್ದವನು ನಾನೇ. ಆ ಎರಡು ವಾಕ್ಯಗಳನ್ನು ನಾನೂ ಬರೆಸಿದ್ದೇನೆ, ವರ್ಷಗಟ್ಟಲೆ. ತಿದ್ದಲು ಸುಲಭವಾಗಿದ್ದವು.

ನಿನ್ನೆ ಇಷ್ಟನ್ನೂ ಆ ಹುಡುಗಿಗೆ ಹೇಳಿದೆ. ತಾಳ್ಮೆಯಿಂದ ಕೇಳಿ, ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ, “ಹಾಗಾದರೆ ತಕ್ಷಣದ ಕಾರಣ ಏನೆಂದು ಬರೆಯಲಿ, ದೊಡ್ಡಪ್ಪ?” ಎಂದಳು. ಎಷ್ಟು ಅಂಕಕ್ಕೆ ಎಂದು ಕೇಳಿದೆ. ಒಂದು ಎಂದಳು. ಫರ್ಡಿನೆಂಡ್‌ನ ಹತ್ಯೆ ಎಂದೇ ಬರಿ ಎಂದೆ.