ಕೋಡ್ ಬಂದ ಕೂಡ್ಲೇ ಆಕ್ಸಿಜನ್ ಸೆನ್ಸರ್ ಬದಲಾಯಿಸ್ಬೇಡಿ
ನಿಮ್ಮ ಲೇಖನದಲ್ಲಿ, ಹಳೇ ಕಾರಲ್ಲಿ ಚೆಕ್ ಎಂಜಿನ್ ಲೈಟ್ ಬಂದು ಲೀನ್ ಕೋಡ್ (ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ ಅನ್ನೋ ದೋಷದ ಕೋಡ್) ತೋರಿಸಿದ್ರೆ ಆಕ್ಸಿಜನ್ ಸೆನ್ಸರ್ (ಎಂಜಿನ್ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯೋದು) ಬದಲಾಯಿಸಿ ಅಂತ ಬರ್ದಿದೀರಲ್ಲ, ಆ ಒಂದು ಮಾತು ನಾನು ಒಪ್ಪಲ್ಲ. ನಮ್ಮದು 2011ರ ಬಿಎಸ್-4 ಪೆಟ್ರೋಲ್ ಕಾರು, ಪಿ0171 ಅನ್ನೋ ಲೀನ್ ಕೋಡ್ ಬಂತು, ಗ್ಯಾರೇಜಲ್ಲಿ ಹೊಸ ಸೆನ್ಸರ್ ಹಾಕಿದ್ರು, ಒಂದೇ ವಾರಕ್ಕೆ ಲೈಟ್ ಮತ್ತೆ ಹತ್ತಿತು. ಕೊನೆಗೆ ನೋಡಿದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟಲ್ಲಿ (ಎಂಜಿನ್ನಿಗೂ ಹೊಗೆ ಪೈಪಿಗೂ ಮಧ್ಯದ ಸೀಲು) ಸಣ್ಣ ಲೀಕ್, ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿ ಸೆನ್ಸರಿಗೆ ಆಕ್ಸಿಜನ್ ಜಾಸ್ತಿ ಕಾಣ್ತಿತ್ತು, ಅದನ್ನ ನಂಬಿ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಪೆಟ್ರೋಲ್ ಇನ್ನೂ ಜಾಸ್ತಿ ಬಿಡ್ತಿತ್ತು, ಮೈಲೇಜ್ ಬಿತ್ತು, ಎಮಿಷನ್ ಟೆಸ್ಟಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) 0.3 ಪರ್ಸೆಂಟ್ ಮಿತಿನೂ ದಾಟ್ತು. ಗ್ಯಾಸ್ಕೆಟ್ ಬದಲಾಯಿಸಿದ್ಮೇಲೆ ಎಲ್ಲಾ ಸರಿಹೋಯ್ತು.

ದಯವಿಟ್ಟು ಮೊದ್ಲು ಓಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರ್ ಮಾಹಿತಿ ಓದೋ ಸಾಧನ) ಹಾಕಿ ಲೈವ್ ಡೇಟಾ ನೋಡಿ. ಸಾಮಾನ್ಯ ಜಿರ್ಕೋನಿಯಾ ಸೆನ್ಸರ್ ಆದ್ರೆ ಎಂಜಿನ್ ಚೆನ್ನಾಗಿ ಬಿಸಿಯಾದ್ಮೇಲೆ ಮುಂದಿನ ಸೆನ್ಸರ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದ್ಲು ಇರೋದು) 0.1ರಿಂದ 0.9 ವೋಲ್ಟ್ ಮಧ್ಯೆ ಬೇಗ ಬೇಗ ಏರಿಳೀಬೇಕು, ಹಿಂದಿನದು (ಕನ್ವರ್ಟರ್ ಆದ್ಮೇಲೆ ಇರೋದು) ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಬೇಕು, ಅದೂ ಮುಂದಿನದರ ಥರಾನೇ ಕುಣೀತಿದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಅನುಮಾನ ಪಡಿ. ಸುಮಾರು 300 ಡಿಗ್ರಿ ಬಿಸಿ ಇಲ್ಲದೆ ಈ ಸೆನ್ಸರ್ ಕೆಲಸನೇ ಮಾಡಲ್ಲ, ಹಾಗಾಗಿ ಪಿ0135 ಥರ ಸೆನ್ಸರ್ ಒಳಗಿನ ಹೀಟರಿನ ಕೋಡ್ ಬಂದ್ರೆ ಫ್ಯೂಸು, ಕನೆಕ್ಟರು, ಇಲಿ ಕಡಿದ ವೈರು ಇವನ್ನೆಲ್ಲ ಮೊದ್ಲು ನೋಡಿ.

ಇನ್ನೊಂದು, ಎಂಜಿನ್ ಕೆಲಸಕ್ಕೆ ಸೆನ್ಸರ್-ಸೇಫ್ ಅಂತ ಬರೆದಿರೋ ಸಿಲಿಕೋನ್ ಸೀಲೆಂಟೇ ಕೇಳಿ ಹಾಕ್ಸಿ, ಬೇರೆ ಸಿಲಿಕೋನ್ ಸೀಲೆಂಟಿನ ಹಬೆ ಒಳ್ಳೇ ಸೆನ್ಸರನ್ನೂ ಕೆಡಿಸಬಹುದು.