ಮನವಿಗೆ ಬರೀ ಒಟ್ಟು ಲೆಕ್ಕ ಸಾಲದು, ಅಡ್ಡ-ಉದ್ದ ಪಟ್ಟಿ ಬೇಕು

ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಮನವಿ ಬರೆಯುವವರೆಲ್ಲ ದಯವಿಟ್ಟು ಓದಿ.

ಲೆಕ್ಕ ತಿಳಿಯಲಿಕ್ಕೆ ಒಂದು ಕಲ್ಪಿತ ಉದಾಹರಣೆ. ಅಧ್ಯಾಪಕರು 40, ಕನ್ನಡ ಬಲ್ಲವರು 30. ಶೇ. 75 ಎಂದು ಬರೆದರೆ ಓದಿದವರು ‘ಪರವಾಗಿಲ್ಲವಲ್ಲ’ ಎಂದು ಕಡತ ಮುಚ್ಚುತ್ತಾರೆ. ಅದನ್ನೇ ವಿಷಯವಾರು ಬಿಡಿಸಿ: ಕನ್ನಡ 14ರಲ್ಲಿ 14, ಸಮಾಜ 10ರಲ್ಲಿ 9, ವಿಜ್ಞಾನ 8ರಲ್ಲಿ 5, ಗಣಿತ 8ರಲ್ಲಿ ಬರೀ 2. ಮಕ್ಕಳ ಕಷ್ಟ ಇರುವುದು ಆ ಕೊನೆಯ ಸಾಲಿನಲ್ಲಿ.

ನಮ್ಮ ಶಾಲೆಗಳ ಕಂಪ್ಯೂಟರಿನಲ್ಲಿರುವ ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶ ಇದಕ್ಕೆ ಧಾರಾಳ ಸಾಕು. ಒಬ್ಬ ಅಧ್ಯಾಪಕರಿಗೆ ಒಂದೇ ಸಾಲು. ಕ್ರಮಸಂಖ್ಯೆ, ಶಾಲೆ, ಪಂಚಾಯತು, ವಿಷಯ, ಕನ್ನಡ ಬಲ್ಲರೇ ಎಂಬವು ಬೇರೆ ಬೇರೆ ಕಾಲಮ್ಮು. ಸೆಲ್ (ಹಾಳೆಯ ಮನೆ) ಮರ್ಜ್ ಮಾಡಬೇಡಿ, ಅಂದರೆ ಒಂದಕ್ಕೊಂದು ಸೇರಿಸಬೇಡಿ, ನಡುವೆ ‘ಒಟ್ಟು’ ಸಾಲು ತುರುಕಬೇಡಿ. ಅಡ್ಡ-ಉದ್ದ ಪಟ್ಟಿಯನ್ನು ತಾನೇ ಮಾಡಿಕೊಡುವುದು ಪಿವಟ್ ಟೇಬಲ್. ಇನ್ಸರ್ಟ್ ಮೆನುವಿನಲ್ಲಿ ಅದನ್ನು ತೆರೆದು ವಿಷಯವನ್ನು ರೋ ಫೀಲ್ಡಿಗೆ, ಕನ್ನಡ ಬಲ್ಲರೇ ಎಂಬುದನ್ನು ಕಾಲಮ್ ಫೀಲ್ಡಿಗೆ, ಕ್ರಮಸಂಖ್ಯೆಯನ್ನು ಡೇಟಾ ಫೀಲ್ಡಿಗೆ ಎಳೆಯಿರಿ. ಅಲ್ಲಿ ತಾನಾಗಿ ‘ಸಮ್’ ಬರುತ್ತದೆ, ಅಂದರೆ ಕ್ರಮಸಂಖ್ಯೆಗಳನ್ನೇ ಕೂಡಿಸಿಬಿಡುತ್ತದೆ. ಅದರ ಮೇಲೆ ಎರಡು ಸಲ ಒತ್ತಿ ‘ಕೌಂಟ್’ ಆರಿಸಿ. ಮೂಲ ಪಟ್ಟಿ ತಿದ್ದಿದ ಮೇಲೆ ರಿಫ್ರೆಶ್ ಕೊಡದಿದ್ದರೆ ಹಳೆಯ ಅಂಕಿಯೇ ಉಳಿಯುತ್ತದೆ.

ಹೆಚ್ಚು ಕೆಡುವುದು ಹೆಸರುಗಳಲ್ಲಿ. ಮಂಜೇಶ್ವರ, ಮಂಜೇಶ್ವರಂ ಎಂದು ಎರಡು ಬಗೆ ಬರೆದರೆ ಒಂದೇ ಊರು ಎರಡು ಸಾಲಾಗುತ್ತದೆ. ಕೊನೆಯಲ್ಲಿ ಉಳಿದ ಖಾಲಿ ಜಾಗವೂ ಹಾಗೆಯೇ. ಅದು ಕ್ಯಾಲ್ಕಿನ ‘ಟ್ರಿಮ್’ ಸೂತ್ರದಿಂದ ಹೋಗುತ್ತದೆ. ಕನ್ನಡ ಟೈಪಿಂಗಿನಲ್ಲಿ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಟ್ರಿಮ್‌ಗೆ ಬಗ್ಗುವುದಿಲ್ಲ. ಪಂಚಾಯತಿನ ಹೆಸರನ್ನು ಟೈಪ್ ಮಾಡಿಸದೆ ಡ್ರಾಪ್‌ಡೌನಿನಿಂದ ಆರಿಸುವಂತೆ ಮೊದಲೇ ಮಾಡಿಡುವುದೇ ಕ್ಷೇಮ.

ಶೇಕಡಾ ಹಾಕುವಾಗ ಯಾವುದರಲ್ಲಿ ಎಷ್ಟು ಎಂದು ಕೇಳಿಕೊಳ್ಳಿ. ಮೇಲಿನ ಲೆಕ್ಕದಲ್ಲಿ ಗಣಿತದ ಸಾಲನ್ನು ಅಡ್ಡಕ್ಕೆ ಓದಿದರೆ ಗಣಿತ ಅಧ್ಯಾಪಕರಲ್ಲಿ ಶೇ. 75 ಮಂದಿಗೆ ಕನ್ನಡ ಬಾರದು. ಉದ್ದಕ್ಕೆ ಓದಿದರೆ ಕನ್ನಡ ಬಾರದ 10 ಮಂದಿಯಲ್ಲಿ ಗಣಿತದವರು ಶೇ. 60. ಎರಡೂ ಸರಿ, ಆದರೆ ಪ್ರಶ್ನೆಗಳು ಬೇರೆ. ಗಣಿತದ ತರಗತಿಯ ಸ್ಥಿತಿ ಹೇಳಲಿಕ್ಕೆ ಮೊದಲನೆಯದು ಬೇಕು. ಡೇಟಾ ಫೀಲ್ಡಿನ ‘ಡಿಸ್‌ಪ್ಲೇಡ್ ವ್ಯಾಲ್ಯೂ’ನಲ್ಲಿ ರೋ ಶೇಕಡಾ ಆರಿಸಿ. ಪಕ್ಕದಲ್ಲಿ ಸಂಖ್ಯೆಯೂ ಇರಲಿ, 4ರಲ್ಲಿ 3 ಕೂಡ ಶೇ. 75 ಆಗುತ್ತದೆ.

ಪಂಚಾಯತು, ವಿಷಯ ಎರಡನ್ನೂ ಸೇರಿಸಿ ಬಿಡಿಸುತ್ತ ಹೋದರೆ ಪಟ್ಟಿಯ ಕೆಲವು ಸೆಲ್‌ಗಳಲ್ಲಿ ಬರೀ 1 ಉಳಿಯುತ್ತದೆ. ಹೆಸರು ಹಾಕದಿದ್ದರೂ ಅದು ಯಾರೆಂದು ಊರಿಗೆ ಗೊತ್ತಾಗುತ್ತದೆ. ಅಂಥಲ್ಲಿ ಪಂಚಾಯತು ಬಿಟ್ಟು ತಾಲೂಕು ಮಟ್ಟದಲ್ಲಿ ಕೂಡಿಸಿ ಕೊಡಿ.